ದಿಕ್ಕು ತಿಳಿಯದವರು ಪದೇ ಪದೇ ಕೇಳುವ ಪ್ರಶ್ನೆಗಳು: ದಾವಣಗೆರೆ, ದುರ್ಗದ ಕಡೆಯವರಿಗೆ

ನೋಡಿದ ರಸ್ತೆಯೇ ಪ್ರತಿ ಸಲ ಹೊಸದಾಗಿ ಕಾಣುತ್ತದೆ ಅನ್ನುವವರು, ಅಂಥವರ ಜೊತೆ ಸಂಸಾರ ಮಾಡುತ್ತಿರುವವರು, ಇಬ್ಬರೂ ಓದಬಹುದು. ನನಗೂ ದಿಕ್ಕಿನ ಜ್ಞಾನ ಕಮ್ಮಿ. ಹಾಗಾಗಿ ಇಲ್ಲಿರುವ ಉಪಾಯಗಳು ಬಹುಪಾಲು ಬಳಸಿ ನೋಡಿದವೇ.

ನನಗೆ ನಿಜವಾಗಿ ದಿಕ್ಕಿನ ಜ್ಞಾನ ಕಮ್ಮಿನಾ, ಇಲ್ಲ ಸುಮ್ನೆ ಗಮನ ಕೊಡ್ತಿಲ್ವಾ?

ಮಂಡಿಪೇಟೆಯ ಯಾವುದಾದರೂ ಅಂಗಡಿಗೆ ಹೋಗಿ, ಅರ್ಧ ಗಂಟೆ ವ್ಯಾಪಾರ ಮಾಡಿ, ಹೊರಗೆ ಬಂದು ನಿಲ್ಲಿ. ಕಾಲು ತಾನಾಗಿ ಬಂದ ಕಡೆಗೆ ತಿರುಗಿದರೆ ನಿಮಗೆ ಈ ತೊಂದರೆ ಇಲ್ಲ. ಮೆಟ್ಟಿಲ ಮೇಲೆ ನಿಂತು ಎರಡೂ ಕಡೆ ನೋಡಿ, ಯಾರಿಗೋ ಕಾಯುತ್ತಿರುವ ಹಾಗೆ ಮುಖ ಮಾಡಿಕೊಂಡು, ಕೊನೆಗೆ ಜನ ಜಾಸ್ತಿ ಹೋಗುವ ಕಡೆ ಹೊರಟರೆ ನೀವು ನಮ್ಮವರು. ಹೋಗುವಾಗ ಸಲೀಸಾಗಿದ್ದ ದಾರಿ ವಾಪಸ್ ಬರುವಾಗ ಪೂರ್ತಿ ಬೇರೆ ರಸ್ತೆ ಅನ್ನಿಸುವುದು ಇನ್ನೊಂದು ಲಕ್ಷಣ. ತಪ್ಪು ಕಡೆ ತಿರುಗುವಾಗಲೂ ‘ಇದೇ ಸರಿ’ ಅನ್ನುವ ಧೈರ್ಯ ಇರುವುದು ಮೂರನೆಯದು, ಮತ್ತು ಜಾಸ್ತಿ ಕಾಡುವುದೂ ಅದೇ.

ಇದನ್ನು ಅಳೆಯಲು ಒಂದು ಪ್ರಶ್ನಾವಳಿಯೂ ಇದೆ. 2002ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದ ಸಂಶೋಧಕರು ಮಾಡಿದ್ದು, 15 ವಾಕ್ಯಗಳು. ‘ನಾನು ದಾರಿ ಚೆನ್ನಾಗಿ ಹೇಳುತ್ತೇನೆ’, ‘ಹೊಸ ಊರಿನಲ್ಲಿ ಬೇಗ ಕಳೆದುಹೋಗುತ್ತೇನೆ’ ಅನ್ನುವಂಥವಕ್ಕೆ ಎಷ್ಟು ಒಪ್ಪುತ್ತೀರಿ ಅಂತ ಗುರುತು ಹಾಕಬೇಕು. ನಮ್ಮ ಬಗ್ಗೆ ನಾವೇ ಹೇಳಿಕೊಂಡಿದ್ದು ನಿಜವಾದ ಓಡಾಟಕ್ಕೆ ಸುಮಾರಾಗಿ ತಾಳೆ ಆಗುತ್ತದೆ ಅಂತ ಅವರು ತೋರಿಸಿದರು. ಅಂದರೆ ‘ನನಗೆ ದಿಕ್ಕು ಗೊತ್ತಾಗಲ್ಲ’ ಅಂತ ನೀವು ಹೇಳುತ್ತಿದ್ದರೆ ಅದು ನೆಪ ಅಲ್ಲ.

ಇದು ದಡ್ಡತನವಾ?

ಅಲ್ಲ. ಲೆಕ್ಕ ಬರುವವರಿಗೂ ಇದೆ, ವಕೀಲರಿಗೂ ಇದೆ, ದಾರಿ ಗೊತ್ತಿಲ್ಲದ ಮೇಷ್ಟ್ರುಗಳಂತೂ ಊರ ತುಂಬ ಇದ್ದಾರೆ.

ಮಿದುಳಿನಲ್ಲಿ ಕಿವಿಯ ನೇರಕ್ಕೆ ಒಳಗಡೆ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಜೀವಕೋಶಗಳು ಅಲ್ಲಿವೆ ಅಂತ 1971ರಲ್ಲಿ ಜಾನ್ ಓ’ಕೀಫ್ ತೋರಿಸಿದರು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ದಂಪತಿ ಅದರ ಪಕ್ಕದಲ್ಲೇ ಇನ್ನೊಂದು ಬಗೆಯ ಕೋಶಗಳನ್ನು ಕಂಡರು. ಇವು ಓಡಾಡುವ ಜಾಗವನ್ನೆಲ್ಲ ಚೌಕಾಬಾರದ ಮನೆ ಹಾಕಿದ ಹಾಗೆ ಅಳೆದು ಇಡುತ್ತವೆ. ಚೌಕ ಅಲ್ಲ, ಆರು ಮೂಲೆ, ಇರಲಿ. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಈ ವ್ಯವಸ್ಥೆ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ.

ಇನ್ನೊಂದು ವಿಷಯ. ದಾರಿ ಹಿಡಿಯುವುದರಲ್ಲಿ ಎರಡು ಕ್ರಮ ಇವೆ. ಒಂದು, ‘ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ’ ಅಂತ ತಿರುವುಗಳನ್ನು ಪಟ್ಟಿ ಮಾಡಿ ನೆನಪಿಡುವುದು. ಎರಡು, ಊರಿನ ನಕ್ಷೆಯನ್ನೇ ತಲೆಯಲ್ಲಿ ಇಟ್ಟುಕೊಳ್ಳುವುದು. ನಮ್ಮಂಥವರು ಮೊದಲನೆಯದನ್ನೇ ನೆಚ್ಚಿಕೊಂಡಿರುತ್ತೇವೆ. ಅದರಲ್ಲಿ ಒಂದು ತಿರುವು ತಪ್ಪಿತೋ, ಮುಂದಿನದೆಲ್ಲ ಕೆಟ್ಟಿತು. ರಸ್ತೆ ಅಗೆದು ಬ್ಯಾರಿಕೇಡ್ ಇಟ್ಟಿದ್ದರೆ ಮುಗಿದೇ ಹೋಯಿತು. ಆದ್ದರಿಂದ ಮುಂದಿನ ಉತ್ತರಗಳಲ್ಲೆಲ್ಲ ನಾನು ಹೇಳುವುದು ಒಂದೇ: ತಿರುವುಗಳ ಪಟ್ಟಿ ಚಿಕ್ಕದು ಮಾಡಿ, ಜಾಗ ಬಿಟ್ಟು ಕದಲದ ದೊಡ್ಡ ಗುರುತುಗಳನ್ನು ಹಿಡಿಯಿರಿ.

ಹುಟ್ಟಿನಿಂದ ಬಂದಿದ್ದಾ, ಬೆಳೆದ ರೀತಿಯಿಂದ ಬಂದಿದ್ದಾ?

ಎರಡೂ ಸೇರಿದೆ. 2016ರಲ್ಲಿ ‘ಸೀ ಹೀರೋ ಕ್ವೆಸ್ಟ್’ ಅನ್ನುವ ಮೊಬೈಲ್ ಆಟ ಬಂತು. ದೋಣಿ ನಡೆಸಿಕೊಂಡು ದಾರಿ ಹುಡುಕುವ ಆಟ. ಪ್ರಪಂಚದಾದ್ಯಂತ ಸುಮಾರು 40 ಲಕ್ಷ ಜನ ಆಡಿದರು. ಆಡಿಸಿದವರ ಉದ್ದೇಶ ಮಾತ್ರ ಮರೆವಿನ ಕಾಯಿಲೆಯ ಸಂಶೋಧನೆ. ಆ ಮಾಹಿತಿಯಿಂದ 2022ರಲ್ಲಿ ಗೊತ್ತಾಗಿದ್ದು ಏನೆಂದರೆ, ಪಟ್ಟಣದಲ್ಲಿ ಬೆಳೆದವರಿಗಿಂತ ಹಳ್ಳಿ ಕಡೆ ಬೆಳೆದವರು ದಾರಿ ಹುಡುಕುವುದರಲ್ಲಿ ಸರಾಸರಿ ಮುಂದು. ಅದರಲ್ಲೂ ರಸ್ತೆಗಳೆಲ್ಲ ಗೆರೆ ಎಳೆದ ಹಾಗೆ ನೆಟ್ಟಗಿರುವ ಊರಿನಲ್ಲಿ ಬೆಳೆದವರು ಹಿಂದೆ ಬಿದ್ದರು.

ಮೇನ್, ಕ್ರಾಸ್ ಅಂತ ನಂಬರ್ ಹಾಕಿದ ಬಡಾವಣೆಯಲ್ಲಿ ಬೆಳೆದ ಮಕ್ಕಳಿಗೆ ನಂಬರ್ ಎಣಿಸಿದರೆ ಸಾಕು, ತಲೆ ಓಡಿಸಬೇಕಾಗಿಲ್ಲ. ಹಳೇ ದಾವಣಗೆರೆಯ ಸಂದಿಗೊಂದಿಯಲ್ಲಿ ಆಡಿ ಬೆಳೆದವರು ನೆನಪಿಟ್ಟುಕೊಳ್ಳದೇ ಗತಿ ಇರಲಿಲ್ಲ. (ಹಾಗಂತ ದುರ್ಗಾಂಬಿಕಾ ದೇವಸ್ಥಾನದ ಬೀದಿಯಲ್ಲಿ ಹುಟ್ಟಿದವರೆಲ್ಲ ದಾರಿ ಬಲ್ಲವರು ಅಂತ ಅಲ್ಲ. ಇದು ಸರಾಸರಿ ಲೆಕ್ಕ.)

ಕಲಿತರೆ ಬರುತ್ತಾ?

ಸ್ವಲ್ಪ ಮಟ್ಟಿಗೆ ಬರುತ್ತದೆ. ಲಂಡನ್ನಿನ ಟ್ಯಾಕ್ಸಿ ಚಾಲಕರು ಲೈಸೆನ್ಸ್ ಪಡೆಯಲು ನಗರದ ನಡುವಿನ ಸುಮಾರು 25,000 ರಸ್ತೆಗಳನ್ನು ಬಾಯಿಪಾಠ ಮಾಡಬೇಕು. 2000ದಲ್ಲಿ ಎಲಿನಾರ್ ಮಗ್ವೈರ್ ಅವರ ತಂಡ ಅಂಥ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು. ನಮಗೆ ಅಷ್ಟೆಲ್ಲ ಬೇಡ. ದಿನಾ ಓಡಾಡುವ ನಾಲ್ಕು ಜಾಗದ ನಂಟು ಗೊತ್ತಾದರೆ ಸಾಕು.

ಹೆಂಗಸರಿಗೇ ಜಾಸ್ತಿ ಅಂತಾರಲ್ಲ?

ಅದೇ ದೋಣಿ ಆಟದ ಮಾಹಿತಿಯನ್ನು 2018ರಲ್ಲಿ ದೇಶವಾರು ನೋಡಿದಾಗ, ಗಂಡು ಹೆಣ್ಣಿನ ನಡುವೆ ಸಮಾನತೆ ಜಾಸ್ತಿ ಇರುವ ದೇಶಗಳಲ್ಲಿ ಈ ಅಂತರ ಕಮ್ಮಿ ಇತ್ತು, ಅಸಮಾನತೆ ಇರುವ ಕಡೆ ಜಾಸ್ತಿ ಇತ್ತು. ಅಣ್ಣನಿಗೆ ಹೈಸ್ಕೂಲಿನಲ್ಲೇ ಸೈಕಲ್ ಕೊಟ್ಟು ಊರೆಲ್ಲ ಸುತ್ತಲು ಬಿಟ್ಟು, ತಂಗಿಯನ್ನು ಹಿಂದೆ ಕೂರಿಸಿಕೊಂಡು ಟ್ಯೂಷನ್ನಿಗೆ ಬಿಟ್ಟು ಬಂದರೆ ಯಾರಿಗೆ ದಾರಿ ಗೊತ್ತಾಗುತ್ತದೆ? ಹಿಂದಿನ ಸೀಟಿನಲ್ಲಿ ಕೂತವರಿಗೆ ದಾರಿ ತಿಳಿಯುವುದಿಲ್ಲ. ಇದು ಗಂಡಸರಿಗೂ ಅನ್ವಯ.

ದಾವಣಗೆರೆಗೆ ಹೊಸದಾಗಿ ಬಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ರೈಲು ಹಳಿಯಿಂದ. ಊರಿನ ನಡುವೆಯೇ ಹಳಿ ಹೋಗುತ್ತದೆ. ಯಾವ ವಿಳಾಸ ಕೊಟ್ಟರೂ ಮೊದಲು ಕೇಳಬೇಕಾದ ಪ್ರಶ್ನೆ ‘ಹಳಿಯ ಈ ಕಡೆಯೋ ಆ ಕಡೆಯೋ’. ಅಶೋಕ ರಸ್ತೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದು ಬೇಸತ್ತವರಿಗೆ ಈ ಹಳಿಯ ಮೇಲೆ ಪ್ರೀತಿ ಇರಲಾರದು, ಆದರೆ ನಮ್ಮಂಥವರಿಗೆ ಇಷ್ಟು ಒಳ್ಳೆಯ ಗುರುತು ಇನ್ನೊಂದಿಲ್ಲ. ದಾಟಿದರೆ ದಾಟಿದ್ದು ಗೊತ್ತಾಗಿಯೇ ಆಗುತ್ತದೆ. ಗೇಟು, ಅಂಡರ್‌ಪಾಸ್, ಬ್ರಿಡ್ಜ್, ಯಾವುದೋ ಒಂದು ಸಿಕ್ಕೇ ಸಿಗುತ್ತದೆ.

ಎರಡನೆಯದು ಪಿ.ಬಿ. ರಸ್ತೆ. ಹಳೆಯ ಪೂನಾ-ಬೆಂಗಳೂರು ರಸ್ತೆ. ಒಂದು ತುದಿ ಬಾತಿ, ಹರಿಹರದ ಕಡೆ. ಇನ್ನೊಂದು ತುದಿ ಆವರಗೆರೆ, ದುರ್ಗದ ಕಡೆ. ಬಸ್ ಸ್ಟ್ಯಾಂಡ್ ಈ ರಸ್ತೆಯಲ್ಲೇ ಇದೆ. ಎಲ್ಲೇ ಕಳೆದುಹೋದರೂ ಆಟೋದವರಿಗೆ ‘ಪಿ.ಬಿ. ರೋಡಿಗೆ ಬಿಡಿ’ ಅಂದರೆ ಸಾಕು, ಅಲ್ಲಿಂದ ನಿಮ್ಮ ಲೆಕ್ಕ ಮತ್ತೆ ಶುರುವಾಗುತ್ತದೆ.

ಈ ಎರಡು ಗೆರೆ ಗಟ್ಟಿಯಾದ ಮೇಲೆ ಸರ್ಕಲ್‌ಗಳಿಗೆ ಬನ್ನಿ. ಗಾಂಧಿ ಸರ್ಕಲ್, ಜಯದೇವ ಸರ್ಕಲ್, ರಾಮ್ ಅಂಡ್ ಕೋ ಸರ್ಕಲ್, ಗುಂಡಿ ಸರ್ಕಲ್, ವಿದ್ಯಾರ್ಥಿ ಭವನ, ಹಳೇ ಊರಿನಲ್ಲಿ ಹೊಂಡದ ಸರ್ಕಲ್. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ನಿಮ್ಮ ಮನೆಗೆ ಹತ್ತಿರದ್ದು ಒಂದು, ಕೆಲಸಕ್ಕೆ ಹತ್ತಿರದ್ದು ಒಂದು. ಆ ಎರಡರ ನಡುವೆ ನಡೆದುಕೊಂಡು ಹೋಗಿ, ಗಾಡಿಯಲ್ಲಿ ಬೇಡ. ಅರ್ಧ ದಾರಿಗೆ ಬಂದಾಗೆಲ್ಲ ತಿರುಗಿ ಹಿಂದೆ ನೋಡಿ. ವಾಪಸ್ ಬರುವಾಗ ಕಾಣುವುದು ಆ ನೋಟವೇ. ನಾವು ಅದನ್ನು ನೋಡಿಯೇ ಇರುವುದಿಲ್ಲ, ಅದಕ್ಕೇ ವಾಪಸ್ ದಾರಿ ಅಪರಿಚಿತ ಅನ್ನಿಸುವುದು.

ಬೆಣ್ಣೆ ದೋಸೆ ಹೋಟೆಲನ್ನು ಗುರುತು ಇಟ್ಟುಕೊಳ್ಳಬೇಡಿ. ಎಲ್ಲ ಕಡೆಯೂ ಇದೆ.

ಚಿತ್ರದುರ್ಗದಲ್ಲಿ?

ಅಲ್ಲಿ ಸುಲಭ. ಬೆಟ್ಟ ಇದೆಯಲ್ಲ. ಕೋಟೆಯ ಬಂಡೆಗಳು ಊರಿನ ಬಹುತೇಕ ಕಡೆಯಿಂದ ಕಾಣುತ್ತವೆ. ಕೋಟೆ ಬೆನ್ನಿಗೋ, ಎದುರಿಗೋ, ಯಾವ ಪಕ್ಕಕ್ಕೋ ಅಂತ ಆಗಾಗ ಕತ್ತೆತ್ತಿ ನೋಡುವ ರೂಢಿ ಮಾಡಿಕೊಳ್ಳಿ. ಆಮೇಲೆ ರಸ್ತೆಗಳನ್ನು ಅವು ಹೋಗುವ ಊರಿನ ಹೆಸರಿಂದ ಕಲಿಯಿರಿ: ದಾವಣಗೆರೆ ಕಡೆ, ಹಿರಿಯೂರು ಕಡೆ, ಹೊಳಲ್ಕೆರೆ ಕಡೆ, ಚಳ್ಳಕೆರೆ ಕಡೆ, ಹೊಸಪೇಟೆ ಕಡೆ.

ಕೋಟೆ ಒಳಗೆ ಹೋದರೆ ಹೊರಗೆ ಬರುವ ದಾರಿಯೇ ತಿಳಿಯುವುದಿಲ್ಲ. ನನಗೊಬ್ಬನಿಗೇನಾ?

ಆ ಕೋಟೆ ಕಟ್ಟಿದ್ದೇ ಹಾಗೆ. ಏಳು ಸುತ್ತು. ಬಾಗಿಲು ದಾಟಿದ ಕೂಡಲೇ ಮುಂದಿನ ಬಾಗಿಲು ಕಾಣಬಾರದು, ದಾರಿ ಹಾವಿನ ಹಾಗೆ ತಿರುಗಬೇಕು, ಆನೆ ಓಡಿ ಬಂದು ಬಾಗಿಲಿಗೆ ಗುದ್ದುವಷ್ಟು ನೆಟ್ಟನೆಯ ಜಾಗ ಸಿಗಬಾರದು ಅನ್ನುವ ಲೆಕ್ಕ. ಹೈದರಾಲಿಯ ಸೈನ್ಯವನ್ನೇ ಸತಾಯಿಸಿದ ಜಾಗ ಅದು. ಒನಕೆ ಓಬವ್ವನ ಕಿಂಡಿ ಹುಡುಕಿಕೊಂಡು ಹೋದವರು ತುಪ್ಪದ ಕೊಳದ ಹತ್ತಿರ ಬಂದು ನಿಂತರೆ ಅದರಲ್ಲಿ ನಾಚಿಕೆ ಏನಿದೆ?

ಮೇಲೆ ಹೋಗುವಾಗ ಪ್ರತಿ ಬಾಗಿಲು ದಾಟಿದ ಮೇಲೆ ಹಿಂದೆ ತಿರುಗಿ ಒಂದು ಫೋಟೋ ತೆಗೆಯಿರಿ. ಇಳಿಯುವಾಗ ಅವನ್ನೇ ಕೊನೆಯಿಂದ ಮೊದಲಿಗೆ ನೋಡುತ್ತ ಬನ್ನಿ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಮಾತ್ರ ಗೈಡ್ ಇಲ್ಲದೆ ಇಳಿಯಬೇಡಿ. ಒಳಗೆ ಕತ್ತಲು, ಕೋಣೆಯೊಳಗೆ ಕೋಣೆ. ಅಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ.

ಎಡ ಬಲವೇ ಗೊಂದಲ ಆಗುತ್ತದೆ. ಏನು ಮಾಡಲಿ?

ಊಟ ಮಾಡುವ ಕೈ, ವಾಚ್ ಕಟ್ಟುವ ಕೈ ಅಂತ ಹೇಳಿಸಿಕೊಳ್ಳಿ. ಗಾಡಿ ಓಡಿಸುವಾಗ ಹಿಂದೆ ಕೂತವರು ಬಾಯಲ್ಲಿ ಹೇಳುವ ಬದಲು ಭುಜ ತಟ್ಟಲಿ.

ಪೂರ್ವ ಪಶ್ಚಿಮ ತಿಳಿಯುವುದು ಹೇಗೆ? ಸೂರ್ಯ ನೋಡಿ ಅಂತಾರೆ, ನೆತ್ತಿಗೆ ಬಂದರೆ?

ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ನಂತರ ಸೂರ್ಯನನ್ನು ನಂಬಬಹುದು. ಜೂನಿನಲ್ಲಿ ನೇರ ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕೆ, ಡಿಸೆಂಬರಿನಲ್ಲಿ ಸ್ವಲ್ಪ ದಕ್ಷಿಣಕ್ಕೆ ಹುಟ್ಟುತ್ತಾನೆ, ನಮ್ಮ ಕೆಲಸಕ್ಕೆ ಅದೇನೂ ಅಡ್ಡಿ ಇಲ್ಲ. ಮಧ್ಯಾಹ್ನ ಮಾತ್ರ ಹುಷಾರು. ‘ನಡುಮಧ್ಯಾಹ್ನ ನೆರಳು ಉತ್ತರಕ್ಕೆ ಬೀಳುತ್ತದೆ’ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಯುರೋಪಿಗೆ ಸರಿ, ದೆಹಲಿಗೂ ಸರಿ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಅಕ್ಷಾಂಶದಲ್ಲಿ. ಹೆಚ್ಚುಕಮ್ಮಿ ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರದ ಕಡೆ ಇರುತ್ತಾನೆ. ಆಗ ನೆರಳು ದಕ್ಷಿಣಕ್ಕೆ. ಆ ತಿಂಗಳುಗಳಲ್ಲಿ ಪುಸ್ತಕದ ಮಾತು ನಂಬಿದರೆ ಪೂರ್ತಿ ಉಲ್ಟಾ ಹೋಗುತ್ತೀರಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಮನೆ ಮೇಲಿನ ಡಿಶ್. ತಲೆ ಎತ್ತಿ ನೋಡಿ, ಒಂದು ಬೀದಿಯ ಡಿಶ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಮುಖ ಮಾಡಿರುತ್ತವೆ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ನಿಂತಿರುತ್ತವೆ, ಅಂದರೆ ನಮಗೆ ದಕ್ಷಿಣಕ್ಕೆ. ನಮ್ಮ ಮನೆಗಳಿಗೆ ಡಿಟಿಎಚ್ ಕಳಿಸುವವು ನಮಗಿಂತ ಪೂರ್ವದಲ್ಲೂ ಇವೆ. ಹಾಗಾಗಿ ಡಿಶ್ ನೋಡುವುದು ಪೂರ್ವ ಮತ್ತು ದಕ್ಷಿಣದ ನಡುವಿನ ಮೂಲೆ, ಆಗ್ನೇಯ. ಕಂಪನಿಯಿಂದ ಕಂಪನಿಗೆ ಆಚೆ ಈಚೆ ಆಗುತ್ತದೆ, ಆದರೆ ಉತ್ತರಕ್ಕೆ ಮುಖ ಮಾಡಿದ ಡಿಶ್ ಕಂಡರೆ ಆ ಮನೆಯಲ್ಲಿ ಟಿವಿ ಬರುತ್ತಿಲ್ಲ ಅಂತ ಅರ್ಥ. ಮೋಡ ಮುಚ್ಚಿದ ದಿನವೂ ಇದು ಕೆಲಸ ಮಾಡುತ್ತದೆ.

ದೇವಸ್ಥಾನ ಬಹಳಷ್ಟು ಪೂರ್ವಕ್ಕೆ ಮುಖ ಮಾಡಿರುತ್ತವೆ, ಆದರೆ ಆಂಜನೇಯನ ಗುಡಿ ನಂಬಿ ಹೊರಡಬೇಡಿ.

ದಾರಿ ಕೇಳಿದರೂ ಅರ್ಥ ಆಗಲ್ಲ. ಹೇಗೆ ಕೇಳಬೇಕು?

ನಮ್ಮ ಕಡೆ ದಾರಿ ಹೇಳುವ ಕ್ರಮ ಹೀಗಿರುತ್ತದೆ:

‘ಅಣ್ಣಾ, ಕಲ್ಯಾಣ ಮಂಟಪ ಎಲ್ಲಿ ಬರುತ್ತೆ?’

‘ಹಿಂಗೆ ಸೀದಾ ಹೋಗ್ರಿ ಅಕ್ಕಾರೆ. ಮುಂದೆ ಮೊದ್ಲು ಮಿಲ್ ಇತ್ತಲ್ಲ, ಅಲ್ಲಿ ರೈಟ್ ತಗೊಳ್ರಿ. ಒಂದ್ ಬೇವಿನ ಮರ ಬರ್ತೈತಿ. ಅದನ್ನ ಬಿಟ್ಟು ಎಲ್ಡನೇ ಸಂದಿ. ಯಾರನ್ನ ಕೇಳಿದ್ರೂ ಹೇಳ್ತಾರ.’

ಹತ್ತಿ ಗಿರಣಿ ಬಾಗಿಲು ಹಾಕಿ ಕಾಲ ಆಗಿದೆ. ಟಾಕೀಸ್ ಕೆಡವಿ ಕಾಂಪ್ಲೆಕ್ಸ್ ಬಂದಿದೆ. ಹೆಸರು ಮಾತ್ರ ದಾರಿಯಲ್ಲಿ ಉಳಿದಿದೆ. ಹೊಸಬರಿಗೆ ಇದು ದೊಡ್ಡ ಕಷ್ಟ. ಆದ್ದರಿಂದ ಒಂದೇ ಸಲಕ್ಕೆ ಪೂರ್ತಿ ದಾರಿ ಕೇಳಬೇಡಿ. ಅವರು ಮೂರನೇ ತಿರುವು ಹೇಳುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ, ಆದರೂ ಮರ್ಯಾದೆಗೆ ತಲೆ ಆಡಿಸುತ್ತ ನಿಂತಿರುತ್ತೇವೆ. ‘ಮೊದಲನೇ ತಿರುವು ಎಲ್ಲಿ, ಅಲ್ಲಿ ಈಗ ಏನು ಕಾಣುತ್ತೆ’ ಅಂತ ಅಷ್ಟೇ ಕೇಳಿ. ಅಲ್ಲಿಗೆ ಹೋಗಿ ಇನ್ನೊಬ್ಬರನ್ನು ಕೇಳಿ. ‘ಇದು ಅದೇ ದಾರಿನಾ’ ಅಂತ ಕೇಳಿದರೆ ಹೂಂ ಅನ್ನುವವರೇ ಜಾಸ್ತಿ. ‘ಅದು ಯಾವ ಕಡೆ’ ಅಂತ ಕೇಳಿ, ಆಗ ಅವರು ಯೋಚನೆ ಮಾಡಲೇಬೇಕು.

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಬೀಡಾ ಅಂಗಡಿ, ಇಸ್ತ್ರಿ ಅಂಗಡಿ, ಆಟೋ ಸ್ಟ್ಯಾಂಡ್, ಒಂದೇ ಜಾಗದಲ್ಲಿ ವರ್ಷಗಟ್ಟಲೆ ಮಂಡಕ್ಕಿ ಮಿರ್ಚಿ ಹಾಕುವವರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗರು ಮೊಬೈಲ್ ತೆಗೆದು ನಿಮ್ಮ ಮುಂದೆಯೇ ಮ್ಯಾಪ್ ನೋಡುತ್ತಾರೆ. ಅದನ್ನು ನೀವೇ ಮಾಡಬಹುದಿತ್ತು ಅಲ್ವಾ.

ಮ್ಯಾಪ್ ಇರುವಾಗ ಇಷ್ಟೆಲ್ಲ ಯಾಕೆ?

ಮ್ಯಾಪ್ ಬಳಸಿ, ಖಂಡಿತ ಬಳಸಿ. ಅದನ್ನು ಬಿಟ್ಟು ಓಡಾಡುವುದು ಹಟ ಅಷ್ಟೇ. ಆದರೆ ಅದು ಹೇಳಿದ ಕಡೆ ತಿರುಗುತ್ತ ಹೋದರೆ ತಲೆಗೆ ಏನೂ ಹತ್ತುವುದಿಲ್ಲ. 2020ರಲ್ಲಿ ಕೆನಡಾದ ಇಬ್ಬರು ಸಂಶೋಧಕಿಯರು, ಜಿಪಿಎಸ್ ಜಾಸ್ತಿ ಬಳಸುವವರು ಅದಿಲ್ಲದೆ ದಾರಿ ಹುಡುಕಬೇಕಾದಾಗ ಹಿಂದೆ ಬೀಳುತ್ತಾರೆ ಅಂತ ಪ್ರಕಟಿಸಿದರು. ಮೂರು ವರ್ಷ ಬಿಟ್ಟು ಅದೇ ಜನರಲ್ಲಿ ಕೆಲವರನ್ನು ನೋಡಿದಾಗಲೂ, ಜಾಸ್ತಿ ಬಳಸಿದವರಲ್ಲೇ ಜಾಗ, ದಾರಿಯ ನೆನಪು ಜಾಸ್ತಿ ಇಳಿದಿತ್ತು.

ಹೊರಡುವ ಮುಂಚೆ ಮ್ಯಾಪನ್ನು ದೂರ ಮಾಡಿ ಪೂರ್ತಿ ಊರು ನೋಡಿ. ಹಳಿ ಎಲ್ಲಿದೆ, ಪಿ.ಬಿ. ರಸ್ತೆ ಎಲ್ಲಿದೆ, ನಾನು ಹೋಗುವ ಜಾಗ ಅವುಗಳ ಯಾವ ಪಕ್ಕ. ಆಮೇಲೆ ಬೇಕಾದರೆ ಧ್ವನಿ ಹಾಕಿಕೊಳ್ಳಿ. ‘ಈಶಾನ್ಯಕ್ಕೆ ಹೊರಡಿ’ ಅಂತ ಅದು ಶುರು ಮಾಡಿದಾಗ ಸಿಟ್ಟು ಬರುವುದು ಸಹಜ. ನಾಲ್ಕು ಹೆಜ್ಜೆ ನಡೆದು ನೀಲಿ ಚುಕ್ಕೆ ಯಾವ ಕಡೆ ಹೋಯಿತು ಅಂತ ನೋಡುವುದೇ ಅದಕ್ಕೆ ಮದ್ದು. ಬಾಣ ಸುಮ್ಮಸುಮ್ಮನೆ ತಿರುಗುತ್ತಿದ್ದರೆ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ, ದಿಕ್ಸೂಚಿ ಸರಿಹೋಗುತ್ತದೆ. ಹಳ್ಳಿ ಕಡೆ ಹೋಗುವಾಗ ಆ ಭಾಗದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಹೈವೇಯಲ್ಲಿ ತಪ್ಪು ಕಡೆ ಹತ್ತಿಬಿಡುತ್ತೇನೆ.

ಸರ್ವಿಸ್ ರಸ್ತೆ, ಅಂಡರ್‌ಪಾಸ್ ಸುತ್ತಿ ಬರುವಾಗ ಎಂಥವರಿಗೂ ಆಗುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಮಗೆ ಇರುವುದು ಎರಡೇ ಕಡೆ. ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ ಒಂದು. ದುರ್ಗ, ಹಿರಿಯೂರು, ತುಮಕೂರು, ಬೆಂಗಳೂರು ಇನ್ನೊಂದು. ಹತ್ತುವ ಮುಂಚೆ ‘ನಾನು ಹುಬ್ಬಳ್ಳಿ ಕಡೆಯವನು’ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ, ಬೋರ್ಡಿನಲ್ಲಿ ಆ ಗುಂಪಿನ ಯಾವ ಹೆಸರು ಕಂಡರೂ ಸರಿ. ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ಕಂಡರೆ ದುರ್ಗದ ಆಸುಪಾಸಿಗೆ ಬಂದಿದ್ದೀರಿ.

ಒಳರಸ್ತೆಯಲ್ಲಿ ಸಿಕ್ಕಿಕೊಂಡರೆ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕೇಸರಿ ಇದ್ದರೆ ಹಳ್ಳಿ ರಸ್ತೆ. ಕೇಸರಿ ಕಲ್ಲುಗಳೇ ಬರುತ್ತಿದ್ದರೆ ಬೆಂಗಳೂರು ಆ ಕಡೆ ಇಲ್ಲ.

ಆಸ್ಪತ್ರೆ ಒಳಗೆ?

ಹೊರಗಿನದಕ್ಕಿಂತ ಕಷ್ಟ. ಸೂರ್ಯ ಇಲ್ಲ, ಡಿಶ್ ಇಲ್ಲ, ಎಲ್ಲ ಕಾರಿಡಾರೂ ಒಂದೇ ಬಣ್ಣ. ಮುಖ್ಯ ಬಾಗಿಲಿನ ಮೆಟ್ಟಿಲನ್ನೇ ಕೇಂದ್ರ ಮಾಡಿಕೊಳ್ಳಿ. ಲ್ಯಾಬ್‌ನಿಂದ ಸೀದಾ ಫಾರ್ಮಸಿಗೆ ಒಳದಾರಿ ಹುಡುಕಬೇಡಿ, ಮೆಟ್ಟಿಲಿಗೆ ಬಂದು ಅಲ್ಲಿಂದ ಹೊರಡಿ. ದೂರ ಆಗುತ್ತದೆ, ಆಗಲಿ. ಗಾಡಿ ನಿಲ್ಲಿಸಿದ ಕಡೆ ಗಾಡಿಯ ಫೋಟೋ ಮಾತ್ರ ತೆಗೆದರೆ ಉಪಯೋಗ ಇಲ್ಲ, ಕಂಬದ ನಂಬರ್ ಕಾಣುವ ಹಾಗೆ ತೆಗೆಯಿರಿ.

ಮನೆಯವರು ನಗುತ್ತಾರೆ.

ನಗಲಿ, ನೀವೂ ನಕ್ಕುಬಿಡಿ. ಆದರೆ ತಡವಾಯಿತು ಅಂತ ಬೈಯುವವರಿಗೆ ಮೊದಲೇ ಹೇಳಿಡಿ: ಹೊಸ ಜಾಗ ಅಂದರೆ ನನಗೆ ಅರ್ಧ ಗಂಟೆ ಜಾಸ್ತಿ ಬೇಕು. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಒಂದು ಗಂಟೆಗೋ ಎಂಟು ಗಂಟೆಗೋ ಹಾಕಿ ಮನೆಯ ಒಬ್ಬರಿಗೆ ಕಳಿಸಿದರೆ ‘ಎಲ್ಲಿದೀಯ’, ‘ಗೊತ್ತಿಲ್ಲ’ ಅನ್ನುವ ಜಗಳ ತಪ್ಪುತ್ತದೆ. ಪಕ್ಕದಲ್ಲಿ ಕೂತು ‘ಇಷ್ಟೂ ಗೊತ್ತಾಗಲ್ವಾ’ ಅನ್ನುವವರನ್ನು ಗಾಡಿ ಓಡಿಸುವಾಗ ಹತ್ತಿಸಿಕೊಳ್ಳದಿರುವುದು ಒಳ್ಳೆಯದು. ಗಾಬರಿಯಾದರೆ ಇರುವ ದಿಕ್ಕೂ ತಪ್ಪುತ್ತದೆ.

ಮಗಳಿಗೂ ಹೀಗೇ ಆಗಬಹುದು ಅಂತ ಭಯ.

ಗಾಡಿಯ ಮುಂದೆ ನಿಲ್ಲಿಸಿಕೊಂಡು ಹೋಗುವಾಗ ‘ಈಗ ಯಾವ ಕಡೆ ತಿರುಗಬೇಕು ಹೇಳು ಪುಟ್ಟಿ’ ಅಂತ ಅವಳನ್ನೇ ಕೇಳಿ. ತಪ್ಪು ಹೇಳಿದರೆ ಅವಳು ಹೇಳಿದ ಕಡೆಗೇ ಸ್ವಲ್ಪ ದೂರ ಹೋಗಿ ಬನ್ನಿ. ಕುಂದವಾಡ ಕೆರೆಯ ಏರಿ ಮೇಲೆ ಒಂದು ಸುತ್ತು ಹಾಕಿ, ನಿಂತಲ್ಲಿಂದ ಗಾಜಿನ ಮನೆ ಯಾವ ಕಡೆ, ನಮ್ಮ ಮನೆ ಯಾವ ಕಡೆ ಅಂತ ಬೆರಳು ತೋರಿಸುವ ಆಟ ಆಡಿ. ದೊಡ್ಡವಳಾದ ಮೇಲೆ ಸೈಕಲ್ ಕೊಡಿ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಚಿಕ್ಕಂದಿನಿಂದ ಹೀಗೇ ಇದ್ದರೆ ಅವಸರ ಇಲ್ಲ. ತುಂಬ ತೀವ್ರವಾಗಿ ಇರುವವರೂ ಇದ್ದಾರೆ. ಮಿದುಳಿಗೆ ಪೆಟ್ಟಿಲ್ಲ, ಬೇರೆ ನೆನಪು ಬುದ್ಧಿ ಎಲ್ಲ ಸರಿ ಇದೆ, ಆದರೂ ದಿನಾ ಓಡಾಡುವ ಜಾಗದಲ್ಲೇ ಕಳೆದುಹೋಗುತ್ತಾರೆ. ಇದಕ್ಕೆ ಡೆವಲಪ್‌ಮೆಂಟಲ್ ಟೊಪೊಗ್ರಾಫಿಕಲ್ ಡಿಸ್‌ಓರಿಯೆಂಟೇಷನ್ ಅಂತ ಹೆಸರು. ಇಂಥ ಮೊದಲ ವರದಿ 2009ರಲ್ಲಿ ಕೆನಡಾದಿಂದ ಬಂತು.

ಎಚ್ಚರ ಬೇಕಾದ್ದು ಇನ್ನೊಂದು ಕಡೆ. ಇಷ್ಟು ವರ್ಷ ದಾರಿ ಚೆನ್ನಾಗಿ ಗೊತ್ತಿದ್ದ ಅಪ್ಪನೋ ಅಜ್ಜಿಯೋ ದಿನಾ ಹೋಗುವ ಗುಡಿಯಿಂದ ವಾಪಸ್ ಬರಲು ತಡಕಾಡುತ್ತಿದ್ದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ. ಗೊತ್ತಿರುವ ಜಾಗದಲ್ಲಿ ದಾರಿ ತಪ್ಪುವುದು ಅಲ್‌ಝೈಮರ್‌ನ ಆರಂಭದ ಲಕ್ಷಣಗಳಲ್ಲಿ ಒಂದು. ನರರೋಗ ತಜ್ಞರಿಗೆ ತೋರಿಸಿ, ಅವರ ಜೇಬಿನಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ ಇಡಿ. ಒಂದೇ ದಿನದಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ ಶುರುವಾಗಿ, ಜೊತೆಗೆ ಮಾತು ತೊದಲುವುದೋ ಕೈಕಾಲು ಸೋಲುವುದೋ ಇದ್ದರೆ ಕಾಯಲೇಬೇಡಿ, ಅದು ಪಾರ್ಶ್ವವಾಯು ಇರಬಹುದು.

ದಾರಿಯಲ್ಲಿ ಹೋಗುವವರು ನನ್ನನ್ನೇ ನಿಲ್ಲಿಸಿ ದಾರಿ ಕೇಳುತ್ತಾರೆ. ಏನು ಹೇಳಲಿ?

‘ಗೊತ್ತಿಲ್ಲ’ ಅಂತ ಹೇಳಿ. ನಮ್ಮೂರಲ್ಲಿ ಹಾಗೆ ಹೇಳುವವರೇ ಕಮ್ಮಿ, ಗೊತ್ತಿಲ್ಲದಿದ್ದರೂ ಯಾವುದೋ ಒಂದು ಕಡೆ ಕೈ ತೋರಿಸಿ ಕಳಿಸುತ್ತಾರೆ. ನೀವು ಪಕ್ಕದ ಬೀಡಾ ಅಂಗಡಿ ಕಡೆ ಕೈ ತೋರಿಸಿ. ನಿಮಗೂ ಅದೇ ಕಡೆ ಹೋಗಬೇಕಿದ್ದರೆ ಜೊತೆಗೇ ನಿಂತು ಕೇಳಿಸಿಕೊಳ್ಳಿ.